ಪಿಎಫ್ ಪಿಂಚಣಿ ಮಕ್ಕಳಿಗೆ ಸೇರುವುದು ಹೇಗೆ? ಉಯಿಲು, ನಾಮಿನೇಶನ್, ಫಾರಂ 10-ಡಿ ಕುರಿತು

ಕಾವೇರಿಕೊಳ್ಳ

ಖಾಸಗಿ ಕಂಪನಿಯಲ್ಲಿ ಪಿಎಫ್ ಕಟ್ಟುತ್ತಿರುವವರು ತೀರಿಕೊಂಡರೆ ಅವರ ಪಿಂಚಣಿ ಮಕ್ಕಳಿಗೆ ಬರುತ್ತದೆಯೇ? ಬಂದರೆ ಎಷ್ಟು, ಎಷ್ಟು ವರ್ಷ? ಉಯಿಲಿನಲ್ಲಿ "ಪಿಂಚಣಿ ನನ್ನ ಮಗಳಿಗೆ ಸೇರಬೇಕು" ಎಂದು ಬರೆದಿಟ್ಟರೆ ಸಾಕೇ? ಸರ್ಕಾರಿ ನೌಕರರ ಕುಟುಂಬ ಪಿಂಚಣಿ ಬಗ್ಗೆ ಬೇಕಾದಷ್ಟು ಮಾಹಿತಿ ಸಿಗುತ್ತದೆ. ಇಪಿಎಸ್ (ಪಿಎಫ್ ಜೊತೆಗಿರುವ ನೌಕರರ ಪಿಂಚಣಿ ಯೋಜನೆ) ವಿಷಯಕ್ಕೆ ಬಂದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಿಯಮ ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ.

ಭವಿಷ್ಯನಿಧಿ_ಓದುಗ

ಮೊದಲು ಉಯಿಲಿನ ಮಾತು ಮುಗಿಸೋಣ. ಇಪಿಎಸ್ ಪಿಂಚಣಿಯನ್ನು ಉಯಿಲಿನಲ್ಲಿ ಬರೆದುಕೊಡಲು ಆಗುವುದಿಲ್ಲ. ಅದು ಸದಸ್ಯರ ಹೆಸರಿನಲ್ಲಿ ಕೂಡಿಟ್ಟ ಗಂಟಲ್ಲ. ಯಾರಿಗೆ, ಯಾವ ಕ್ರಮದಲ್ಲಿ, ಎಷ್ಟು ಎಂಬುದನ್ನು 1995ರ ನೌಕರರ ಪಿಂಚಣಿ ಯೋಜನೆಯೇ ಗೊತ್ತುಮಾಡಿದೆ. ಸದಸ್ಯರ ಕೈಯಲ್ಲಿರುವುದು ಒಂದೇ ಕೆಲಸ: ಕುಟುಂಬದ ವಿವರವನ್ನು ತಪ್ಪಿಲ್ಲದೆ ದಾಖಲಿಸುವುದು.

ಮಾಲೀಕರ 12% ವಂತಿಗೆಯಲ್ಲಿ 8.33% ಪಿಂಚಣಿ ನಿಧಿಗೆ ಹೋಗುತ್ತದೆ. ವೇತನ ಮಿತಿ 15,000 ರೂಪಾಯಿ ಇರುವುದರಿಂದ ಸಾಮಾನ್ಯವಾಗಿ ತಿಂಗಳಿಗೆ ಹೆಚ್ಚೆಂದರೆ 1,250. ಪಾಸ್‌ಬುಕ್ಕಿನ ಪಿಂಚಣಿ ಕಾಲಂನಲ್ಲಿ ಒಂದೂವರೆ ಲಕ್ಷ ಸೇರಿದೆ ಎಂದಿಟ್ಟುಕೊಳ್ಳಿ. ಆ ಒಂದೂವರೆ ಲಕ್ಷ ಮಕ್ಕಳ ಕೈಗೆ ಬರುವುದಿಲ್ಲ, ತಿಂಗಳ ಪಿಂಚಣಿ ಮಾತ್ರ ಬರುತ್ತದೆ. ಬಂಡವಾಳ ವಾಪಸು ಪಡೆಯುವ ಆಯ್ಕೆಯೊಂದು ಹಿಂದೆ ಇತ್ತು, ಅದನ್ನು 2008ರ ಸೆಪ್ಟೆಂಬರ್‌ನಲ್ಲೇ ತೆಗೆದುಹಾಕಿದ್ದಾರೆ.

ಸದಸ್ಯರು ಸೇವೆಯಲ್ಲಿರುವಾಗಲೇ ತೀರಿಕೊಂಡರೆ, ಒಂದು ತಿಂಗಳ ವಂತಿಗೆ ಸಂದಾಯವಾಗಿದ್ದರೂ ಕುಟುಂಬ ಪಿಂಚಣಿಗೆ ಅರ್ಹತೆ ಇದೆ. ಹತ್ತು ವರ್ಷ ಸೇವೆ ಬೇಕು ಎಂಬ ಷರತ್ತು ಸದಸ್ಯರ ಸ್ವಂತ ಪಿಂಚಣಿಗೆ ಮಾತ್ರ. "ಮೂರೇ ವರ್ಷದ ಸರ್ವೀಸು, ಏನೂ ಬರಲ್ಲ" ಎಂದು ಯಾರೋ ಹೇಳಿದ್ದನ್ನು ನಂಬಿ ಅರ್ಜಿಯನ್ನೇ ಹಾಕದ ಮನೆಗಳು ಬಹಳ. ದಯವಿಟ್ಟು ಈ ಮಾತನ್ನು ನಾಲ್ಕು ಜನಕ್ಕೆ ತಿಳಿಸಿ.

ಕಾವೇರಿಕೊಳ್ಳ

ಧನ್ಯವಾದ ಸರ್. ಮೊತ್ತದ ಲೆಕ್ಕ ಹೇಗೆ?

ಭವಿಷ್ಯನಿಧಿ_ಓದುಗ

ಎಲ್ಲ ಲೆಕ್ಕವೂ ಹೆಂಡತಿಗೆ ಅಥವಾ ಗಂಡನಿಗೆ ಬರುವ ಪಿಂಚಣಿಯಿಂದ ಶುರುವಾಗುತ್ತದೆ. ಸೇವೆಯಲ್ಲಿರುವಾಗ ಸಾವಾದರೆ ಮೂರು ಮೊತ್ತ ನೋಡುತ್ತಾರೆ. ಸತ್ತ ದಿನವೇ ನಿವೃತ್ತರಾಗಿದ್ದರೆ ಸೂತ್ರದ ಪ್ರಕಾರ ಎಷ್ಟು ಬರುತ್ತಿತ್ತೋ ಅದು ಒಂದು. ಯೋಜನೆಯ ಸಿ ಕೋಷ್ಟಕದಲ್ಲಿ ಆ ವೇತನದ ಎದುರಿಗಿರುವ ಮೊತ್ತ ಇನ್ನೊಂದು. ಕನಿಷ್ಠ 1,000 ರೂಪಾಯಿ ಮೂರನೆಯದು. ಇವುಗಳಲ್ಲಿ ಯಾವುದು ಹೆಚ್ಚೋ ಅದೇ ಪಿಂಚಣಿ.

ಸೂತ್ರ ಎಂದರೆ ಪಿಂಚಣಿ ವೇತನ ಗುಣಿಸು ಸೇವಾ ವರ್ಷ, ಭಾಗಿಸು 70. ಪಿಂಚಣಿ ವೇತನವೆಂದರೆ ಕೊನೆಯ 60 ತಿಂಗಳ ಸರಾಸರಿ. 15,000 ವೇತನಕ್ಕೆ ಎರಡೇ ವರ್ಷದ ಸೇವೆಯಾದರೆ ಸೂತ್ರದಿಂದ 428 ರೂಪಾಯಿ ಚಿಲ್ಲರೆ ಬರುತ್ತದೆ. ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡವರ ಮನೆಗೆ ಸಿ ಕೋಷ್ಟಕವೇ ಆಧಾರ, ಅದು ಇರುವುದೂ ಅದಕ್ಕೇ. ಮಂಜೂರಾತಿ ಬಂದಾಗ ಮೊತ್ತ ಸೂತ್ರಕ್ಕಷ್ಟೇ ಸರಿಹೊಂದುತ್ತಿದೆಯೋ, ಕೋಷ್ಟಕವನ್ನೂ ನೋಡಿದ್ದಾರೋ ಎಂದು ಕೇಳಿ ತಿಳಿದುಕೊಳ್ಳಿ.

ಮಕ್ಕಳ ಪಿಂಚಣಿ ಅದರ ಮೇಲೆ. ವಿಧವಾ ಪಿಂಚಣಿಯ 25% ಒಂದೊಂದು ಮಗುವಿಗೆ, ಒಮ್ಮೆಗೆ ಇಬ್ಬರಿಗೆ, 25 ವರ್ಷ ತುಂಬುವವರೆಗೆ. ಕನಿಷ್ಠ 250 ರೂಪಾಯಿ. ತಾಯಿಗೆ 3,200 ನಿಗದಿಯಾದರೆ ಮಗುವಿಗೆ 800ರಂತೆ ಇಬ್ಬರಿಗೆ 1,600, ಮನೆಗೆ ಒಟ್ಟು 4,800. ತಾಯಿಯ ಪಾಲಿನಿಂದ ಕಿತ್ತು ಮಕ್ಕಳಿಗೆ ಕೊಡುವುದಿಲ್ಲ. ಮೂವರು ಮಕ್ಕಳಿದ್ದರೆ ಹಿರಿಯರಿಬ್ಬರು ಮೊದಲು, ದೊಡ್ಡವರಿಗೆ 25 ತುಂಬಿದಾಗ ಮೂರನೆಯವರ ಸರದಿ.

ತಂದೆ ತಾಯಿ ಇಬ್ಬರೂ ಇಲ್ಲದಿದ್ದರೆ ಅನಾಥ ಪಿಂಚಣಿ. ಒಬ್ಬೊಬ್ಬರಿಗೆ ವಿಧವಾ ಪಿಂಚಣಿಯ 75%, ಅದೂ ಒಮ್ಮೆಗೆ ಇಬ್ಬರಿಗೆ, ಕನಿಷ್ಠ 750. ಮೇಲಿನ ಉದಾಹರಣೆಯಲ್ಲಿ ತಲಾ 2,400, ಇಬ್ಬರಿಗೆ 4,800. ಅಂದರೆ ಇಬ್ಬರು ಮಕ್ಕಳಿರುವ ಮನೆಗೆ ಬರುವ ಒಟ್ಟು ಮೊತ್ತ ತಾಯಿ ಹೋದ ಮೇಲೂ ಇಳಿಯದಂತೆ ಯೋಜನೆ ನೋಡಿಕೊಂಡಿದೆ.

ಎಚ್‌ಆರ್_ಪೀಣ್ಯ

ನಿವೃತ್ತಿ ಪಿಂಚಣಿ ಪಡೆಯುತ್ತಿದ್ದವರು ತೀರಿಕೊಂಡರೆ ಲೆಕ್ಕ ಬೇರೆ, ಅದನ್ನೂ ಸೇರಿಸುತ್ತೇನೆ. ಅಲ್ಲಿ ಸಂಗಾತಿಗೆ ಅರ್ಧ, ಮಗುವಿಗೆ ಆ ಅರ್ಧದ 25%. ತಂದೆ 4,000 ಪಡೆಯುತ್ತಿದ್ದರೆ ತಾಯಿಗೆ 2,000, ಮಗುವಿಗೆ 500. ತಾಯಿಯೂ ಇಲ್ಲದಿದ್ದರೆ ಮಗುವಿಗೆ 1,500. 58 ದಾಟಿದವರ ಮಕ್ಕಳು ಸಾಮಾನ್ಯವಾಗಿ 25ರ ಆಸುಪಾಸಿನಲ್ಲಿರುವುದರಿಂದ ಇದು ಕೆಲವೇ ವರ್ಷದ ಮಾತು.

ಇಲ್ಲಿ ಎಲ್ಲರೂ "ವಿಧವಾ" ಎನ್ನುತ್ತಿರುವುದರಿಂದ ಒಂದು ಮಾತು. ದುಡಿಯುತ್ತಿದ್ದ ತಾಯಿ ತೀರಿಕೊಂಡರೂ ಗಂಡನಿಗೆ, ಮಕ್ಕಳಿಗೆ ಇದೇ ದರ. ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರಲ್ಲಿ ಹೆಂಗಸರೇ ಹೆಚ್ಚು. ಅವರ ಮನೆಯವರು ಪಿಎಫ್ ಹಣವನ್ನಷ್ಟೇ ಬಿಡಿಸಿಕೊಂಡು, ಪಿಂಚಣಿ ಅರ್ಜಿಯಾದ ಫಾರಂ 10-ಡಿ ಹಾಕದೆ ಸುಮ್ಮನಾಗುವುದು ತುಂಬಾ ಸಾಮಾನ್ಯ. ಗಂಡನಿಗೆ ಬೇರೆ ಸಂಬಳ ಇದೆ ಎಂಬುದು ಈ ಯೋಜನೆಯಲ್ಲಿ ಅಡ್ಡಿಯಲ್ಲ.

ಮಲ್ಲಿಗೆ_ಹಡಗಲಿ

ನಾಮಿನಿ ಆಗಿ ತಾಯಿಯ ಹೆಸರಿದೆ, ಹೆಂಡತಿ ಮಕ್ಕಳ ಹೆಸರು ಇಲ್ಲ. ಇಂಥ ಸಂದರ್ಭದಲ್ಲಿ ಪಿಂಚಣಿಯೂ ನಾಮಿನಿಗೇ ಹೋಗುತ್ತದೆಯೇ?

ವಕೀಲಿಕೆ_ಧಾರವಾಡ

ಇಲ್ಲ ಮೇಡಂ. ಒಂದೇ ಸಂಬಳದಿಂದ ಮೂರು ಹಣ ಹುಟ್ಟುತ್ತವೆ, ಮೂರರ ದಾರಿಯೂ ಒಂದೇ ಅಲ್ಲ.

ಪಿಎಫ್ ಖಾತೆಯ ಹಣ ನಾಮಿನಿಗೆ ಹೋಗುತ್ತದೆ. ಇಡಿಎಲ್‌ಐ (ಪಿಎಫ್ ಜೊತೆಗಿರುವ ಜೀವವಿಮೆ) ಹಣವೂ ಪಿಎಫ್ ನಾಮಿನಿಯ ದಾರಿಯನ್ನೇ ಹಿಡಿಯುತ್ತದೆ. ಪಿಂಚಣಿ ಮಾತ್ರ ಸಂಗಾತಿಗೆ ಮತ್ತು 25ರೊಳಗಿನ ಮಕ್ಕಳಿಗೆ. ಅವರು ಇರುವವರೆಗೆ ಬೇರೆ ಯಾವ ನಾಮಿನಿಯೂ ಅದನ್ನು ಪಡೆಯಲಾರರು. ಸಂಗಾತಿಯೂ ಇಲ್ಲ, ಅರ್ಹ ಮಕ್ಕಳೂ ಇಲ್ಲ ಎಂದಾದಾಗಷ್ಟೇ ಪಿಂಚಣಿ ನಾಮಿನಿಯ ಪ್ರಶ್ನೆ. ಆ ನಾಮಿನಿಯೂ ಇಲ್ಲದಿದ್ದರೆ ಅವಲಂಬಿತ ತಂದೆ, ಅವರ ನಂತರ ತಾಯಿ. ಹಳೆಯ ಫಾರಂ 2ರಲ್ಲಿ ಎ ಭಾಗ ಪಿಎಫ್‌ಗೆ, ಬಿ ಭಾಗ ಪಿಂಚಣಿಗೆ ಎಂದು ಬೇರೆ ಬೇರೆ ಇರುವುದು ಇದಕ್ಕೇ. ಜನ ಎ ಭಾಗ ತುಂಬಿ ಬಿ ಖಾಲಿ ಬಿಡುತ್ತಾರೆ.

ನಾಮಿನೇಶನ್ನೇ ಇಲ್ಲದಿದ್ದರೆ ಪಿಎಫ್ ಹಣ ಕುಟುಂಬದವರಿಗೆ ಸಮಪಾಲು. ಆದರೆ ಬೇರೆ ಅರ್ಹರು ಇರುವಾಗ ವಯಸ್ಕ ಗಂಡುಮಕ್ಕಳಿಗೂ, ಗಂಡ ಬದುಕಿರುವ ವಿವಾಹಿತ ಹೆಣ್ಣುಮಕ್ಕಳಿಗೂ ಅದರಲ್ಲಿ ಪಾಲಿಲ್ಲ. 22 ವರ್ಷದ ಮಗನನ್ನು ತೆಗೆದುಕೊಳ್ಳಿ. ನಾಮಿನೇಶನ್ ಇಲ್ಲದ ಪಿಎಫ್ ಹಣದಲ್ಲಿ ಅವನಿಗೆ ಬಿಡಿಗಾಸಿಲ್ಲ, ಮಕ್ಕಳ ಪಿಂಚಣಿ ಮಾತ್ರ ಇನ್ನೂ ಮೂರು ವರ್ಷ ಬರುತ್ತದೆ. ಅವನ ಹೆಸರನ್ನು ನಾಮಿನಿಯಾಗಿ ಹಾಕಿದ್ದಿದ್ದರೆ ಪಿಎಫ್‌ನಲ್ಲೂ ಪಾಲು ಸಿಗುತ್ತಿತ್ತು.

ಮದುವೆಗೆ ಮುಂಚೆ "ಕುಟುಂಬ ಇಲ್ಲ" ಎಂದು ಅಣ್ಣನಿಗೋ ಗೆಳೆಯನಿಗೋ ಮಾಡಿದ ನಾಮಿನೇಶನ್ ಮದುವೆಯಾದೊಡನೆ ಬಿದ್ದುಹೋಗುತ್ತದೆ. ಮದುವೆಯಾದ ಮೇಲೆ ಒಮ್ಮೆ, ಪ್ರತಿ ಮಗು ಹುಟ್ಟಿದಾಗ ಒಮ್ಮೆ ಇ-ನಾಮಿನೇಶನ್ (ಪಿಎಫ್ ಪೋರ್ಟಲಿನಲ್ಲಿ ಮಾಡುವ ನಾಮಿನೇಶನ್) ಹೊಸದಾಗಿ ಮಾಡಲೇಬೇಕು.

ಮಲ್ಲಿಗೆ_ಹಡಗಲಿ

ದತ್ತು ಮಕ್ಕಳು? ಎರಡನೇ ಮದುವೆಯ ಮಕ್ಕಳು?

ವಕೀಲಿಕೆ_ಧಾರವಾಡ

ಕಾನೂನುಬದ್ಧವಾಗಿ ದತ್ತು ಪಡೆದ ಮಗು ಸ್ವಂತ ಮಗುವಿಗೆ ಸಮ. ನೋಂದಾಯಿತ ದತ್ತು ಪತ್ರವೋ ದತ್ತು ಆದೇಶವೋ ಕೈಯಲ್ಲಿರಲಿ. "ಸಾಕಿಕೊಂಡಿದ್ದೇವೆ" ಎಂಬ ಮಾತಿಗೆ ಕಚೇರಿಯಲ್ಲಿ ಬೆಲೆಯಿಲ್ಲ.

ಮೊದಲ ಹೆಂಡತಿ ಇರುವಾಗಲೇ ಆದ ಎರಡನೇ ಮದುವೆ ಹಿಂದೂ ವಿವಾಹ ಕಾಯ್ದೆಯಲ್ಲಿ ಅಸಿಂಧು. ಆದರೆ ಅದೇ ಕಾಯ್ದೆಯ 16ನೇ ಕಲಂ ಆ ಮಕ್ಕಳನ್ನು ಔರಸರೆಂದೇ ಎಣಿಸುತ್ತದೆ. ಹಾಗಾಗಿ ಆ ತಾಯಿಗೆ ಇಲ್ಲದಿದ್ದರೂ ಮಕ್ಕಳ ಅರ್ಜಿ ಹಾಕದೆ ಬಿಡಬೇಡಿ. ಕಾನೂನು ಒಪ್ಪುವ ಕಡೆ ಒಬ್ಬರಿಗಿಂತ ಹೆಚ್ಚು ವಿಧವೆಯರಿದ್ದರೆ ಪಿಂಚಣಿ ಮೊದಲು ಹಿರಿಯ ವಿಧವೆಗೆ, ಅವರ ನಂತರ ಮುಂದಿನವರಿಗೆ.

ವಿಧವೆ ಮರುಮದುವೆಯಾದರೆ ಅವರ ಪಿಂಚಣಿ ನಿಲ್ಲುತ್ತದೆ. ಮಕ್ಕಳದ್ದು ನಿಲ್ಲುವುದಿಲ್ಲ, 25% ಇದ್ದದ್ದು ಅನಾಥ ಪಿಂಚಣಿಯ ದರಕ್ಕೆ, ಅಂದರೆ 75%ಕ್ಕೆ ಏರುತ್ತದೆ. ಮರುಮದುವೆಯನ್ನು ಮುಚ್ಚಿಟ್ಟು ವಿಧವಾ ಪಿಂಚಣಿ ಎತ್ತುತ್ತಾ ಹೋದರೆ ಮುಂದೊಂದು ದಿನ ವಸೂಲಿ ನೋಟಿಸ್ ಬರುತ್ತದೆ, ಮಕ್ಕಳಿಗೆ ಹೆಚ್ಚಿಗೆ ಬರಬೇಕಿದ್ದ ಪಾಲೂ ಅಷ್ಟು ದಿನ ಕೈತಪ್ಪಿರುತ್ತದೆ. ತಿಳಿಸುವುದೇ ಮಕ್ಕಳಿಗೆ ಲಾಭ.

ಕಾವೇರಿಕೊಳ್ಳ

ಅರ್ಜಿ ಹಾಕುವ ಕ್ರಮ ಹೇಳಿ. ಕಂಪನಿಯವರೇ ಮಾಡಿಕೊಡುತ್ತಾರಾ?

ಎಚ್‌ಆರ್_ಪೀಣ್ಯ

ಅರ್ಜಿ ಕುಟುಂಬದ್ದು. ಆದರೆ ಕಂಪನಿ ತನ್ನ ಭಾಗ ಮುಗಿಸದಿದ್ದರೆ ಅದು ಮುಂದೆ ಹೋಗುವುದಿಲ್ಲ.

ಕಂಪನಿ ಮೊದಲು ಮಾಡಬೇಕಾದ್ದು ಪಿಎಫ್ ಪೋರ್ಟಲಿನಲ್ಲಿ ನಿರ್ಗಮನ ದಿನಾಂಕ ಮತ್ತು ಕಾರಣ ನಮೂದಿಸುವುದು. ಇಲ್ಲೇ ದೊಡ್ಡ ತೊಡಕಾಗುವುದು. ಕಾರಣದ ಪಟ್ಟಿಯಲ್ಲಿ "ಕೆಲಸ ಬಿಟ್ಟದ್ದು" ಎಂದೂ ಇದೆ, "ಸೇವೆಯಲ್ಲಿರುವಾಗ ಮರಣ" ಎಂದೂ ಇದೆ. ತಿಂಗಳ ಕೊನೆಯ ಗಡಿಬಿಡಿಯಲ್ಲಿ ಎಲ್ಲರಿಗೂ ಒಟ್ಟಿಗೆ ಮೊದಲನೆಯದನ್ನು ಒತ್ತಿಬಿಡುತ್ತಾರೆ. ಆಗ ದಾಖಲೆಯ ಪ್ರಕಾರ ಆ ವ್ಯಕ್ತಿ ಕೆಲಸ ಬಿಟ್ಟ ಮೇಲೆ ತೀರಿಕೊಂಡ ಹಾಗೆ. ಇಡಿಎಲ್‌ಐ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ಹತ್ತು ವರ್ಷ ತುಂಬದ ಸೇವೆಯಾದರೆ ಪಿಂಚಣಿಯೂ. ನಿರ್ಗಮನ ದಿನಾಂಕ ಮರಣ ಪ್ರಮಾಣಪತ್ರದ ದಿನಾಂಕಕ್ಕೆ ಸರಿಹೊಂದಬೇಕು. ಎಚ್‌ಆರ್ ಹತ್ತಿರ ಈ ಎರಡನ್ನೂ ಬಾಯಿಮಾತಿನಲ್ಲಿ ಕೇಳಿ ಬರಬೇಡಿ, ಸ್ಕ್ರೀನ್ ತೋರಿಸಲು ಹೇಳಿ.

ಇ-ನಾಮಿನೇಶನ್ ಆಗಿದ್ದರೆ ನಾಮಿನಿಯೇ ಯುಎಎನ್ (ಪಿಎಫ್ ಸದಸ್ಯರ ಗುರುತು ಸಂಖ್ಯೆ) ಸದಸ್ಯರ ಪೋರ್ಟಲಿನಲ್ಲಿ ಫಲಾನುಭವಿಯ ಮರಣ ಕ್ಲೇಮು ಆರಿಸಿ, ತಮ್ಮ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿ ಹಾಕಿ ಸಲ್ಲಿಸಬಹುದು. ಇಲ್ಲದಿದ್ದರೆ ಕಾಗದದ ಅರ್ಜಿ. ಪಿಎಫ್‌ಗೆ ಫಾರಂ 20, ವಿಮೆಗೆ 5-ಐಎಫ್, ಪಿಂಚಣಿಗೆ 10-ಡಿ. ಮೂರನ್ನೂ ಸೇರಿಸಿದ ಸಂಯುಕ್ತ ಮರಣ ಕ್ಲೇಮು ಅರ್ಜಿಯೂ ಇದೆ. ಅದನ್ನೇ ಬಳಸಿದರೆ ಒಂದು ಹಾಕಿ ಇನ್ನೊಂದು ಮರೆಯುವ ಭಯವಿಲ್ಲ.

ಜೊತೆಗೆ ಮರಣ ಪ್ರಮಾಣಪತ್ರ, ಸಂಗಾತಿ ಮತ್ತು ಪ್ರತಿ ಮಗುವಿನ ಆಧಾರ್, ಮಕ್ಕಳ ಜನನ ಪ್ರಮಾಣಪತ್ರ ಅಥವಾ ಶಾಲೆಯ ವಯಸ್ಸಿನ ದಾಖಲೆ, ಫೋಟೋಗಳು, ಹೆಸರು ಮತ್ತು ಐಎಫ್‌ಎಸ್‌ಸಿ ಕಾಣುವ ಪಾಸ್‌ಬುಕ್ ಪುಟ ಅಥವಾ ರದ್ದು ಮಾಡಿದ ಚೆಕ್. ಪ್ರತಿ ಮಗುವಿಗೂ ಪ್ರತ್ಯೇಕ ಉಳಿತಾಯ ಖಾತೆ ಮೊದಲೇ ತೆರೆಸಿಡಿ. ಕಂಪನಿ ಮುಚ್ಚಿಹೋಗಿದ್ದರೆ ಗೆಜೆಟೆಡ್ ಅಧಿಕಾರಿ ಅಥವಾ ಖಾತೆ ಇರುವ ಬ್ಯಾಂಕಿನ ಮ್ಯಾನೇಜರ್ ದೃಢೀಕರಣ ನಡೆಯುತ್ತದೆ.

ಎಲ್ಲಿಗೆ ಸಲ್ಲಿಸಬೇಕು ಎಂಬುದನ್ನು ನಿರ್ಧರಿಸುವುದು ಪಿಎಫ್ ಖಾತೆ ಸಂಖ್ಯೆಯ ಮೊದಲ ಅಕ್ಷರಗಳು, ನಿಮ್ಮ ಮನೆ ಎಲ್ಲಿದೆ ಎಂಬುದಲ್ಲ. ಊರು ಕಲಬುರಗಿ ಆದರೂ ಖಾತೆ ಬೆಂಗಳೂರಿನ ಪ್ರಾದೇಶಿಕ ಕಚೇರಿಯದ್ದಾದರೆ ಮಂಜೂರಾತಿ ಅಲ್ಲಿಯದೇ.

ಹೊಂಗೆನೆರಳು

ಮರಣ ನೋಂದಣಿಯನ್ನು 21 ದಿನದೊಳಗೆ ಮಾಡಿಸಿ, ಇ-ಜನ್ಮ (ರಾಜ್ಯದ ಜನನ-ಮರಣ ನೋಂದಣಿ ವ್ಯವಸ್ಥೆ) ಪ್ರಮಾಣಪತ್ರದಲ್ಲಿ ಹೆಸರಿನ ಕಾಗುಣಿತ ಆಧಾರ್‌ನಲ್ಲಿ ಇದ್ದಂತೆಯೇ ಬರುವ ಹಾಗೆ ನೋಡಿಕೊಳ್ಳಿ. ನಮ್ಮ ಕಡೆ ಹೆಸರಿನ ಮುಂದೆ ಊರು, ಹಿಂದೆ ಅಪ್ಪನ ಹೆಸರು, ಎರಡೂ ಕಡೆ ಇನಿಶಿಯಲ್. ಪಿಎಫ್‌ನಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಮರಣ ಪತ್ರದಲ್ಲಿ ಮತ್ತೊಂದು. ಅರ್ಜಿ ತಿರಸ್ಕೃತವಾಗುವುದು ಬಹುಪಾಲು ಇಲ್ಲಿಯೇ. ನಾಡಕಚೇರಿಯಿಂದ ವಂಶವೃಕ್ಷ ಮತ್ತು ಬದುಕುಳಿದ ಕುಟುಂಬ ಸದಸ್ಯರ ದೃಢೀಕರಣವನ್ನೂ ಜೊತೆಗೇ ಮಾಡಿಸಿಡಿ. ನಾಮಿನೇಶನ್ ಇಲ್ಲದ ಕ್ಲೇಮಿಗೆ ಅವು ಬೇಕಾಗುತ್ತವೆ.

ಭವಿಷ್ಯನಿಧಿ_ಓದುಗ

ತೀರಿಕೊಂಡವರ ಆಧಾರ್ ಯುಎಎನ್‌ಗೆ ಜೋಡಣೆಯಾಗಿಲ್ಲದಿದ್ದರೂ ಕಂಗೆಡಬೇಡಿ. ಸತ್ತ ಮೇಲೆ ಜೋಡಿಸಲು ಆಗುವುದಿಲ್ಲ ನಿಜ. ಆದರೆ 2024ರ ಮೇ ತಿಂಗಳ ಸುತ್ತೋಲೆಯ ಪ್ರಕಾರ, ಕಚೇರಿಯ ಮುಖ್ಯಸ್ಥರ ಅನುಮೋದನೆಯೊಂದಿಗೆ ಅಂಥ ಕಾಗದದ ಕ್ಲೇಮನ್ನು ಸ್ವೀಕರಿಸಬಹುದು. ಕೌಂಟರಿನಲ್ಲಿ ಆಗಲ್ಲ ಎಂದರೆ ಈ ಸುತ್ತೋಲೆಯ ಹೆಸರು ಹೇಳಿ.

ಮಲ್ಲಿಗೆ_ಹಡಗಲಿ

ಅಪ್ಪ ಅಮ್ಮ ಇಬ್ಬರೂ ಇಲ್ಲ, ಮಕ್ಕಳು ಚಿಕ್ಕವು, ಅಜ್ಜಿಯ ಹತ್ತಿರ ಇವೆ. ಕೋರ್ಟಿನಿಂದ ಪಾಲಕತ್ವದ ಆದೇಶ ತನ್ನಿ ಅನ್ನುತ್ತಾರೆ. ಅದಿಲ್ಲದೆ ದಾರಿ ಇದೆಯಾ?

ವಕೀಲಿಕೆ_ಧಾರವಾಡ

ಇದೆ. 2025ರ ಆಗಸ್ಟ್‌ನ ಸುತ್ತೋಲೆಯ ಪ್ರಕಾರ ಹಣ ನೇರವಾಗಿ ಅಪ್ರಾಪ್ತ ಮಗುವಿನ ಹೆಸರಿನ ಬ್ಯಾಂಕ್ ಖಾತೆಗೆ ಜಮೆಯಾಗುವುದಾದರೆ ಪಾಲಕತ್ವ ಪ್ರಮಾಣಪತ್ರಕ್ಕೆ ಒತ್ತಾಯಿಸುವಂತಿಲ್ಲ. ಅಜ್ಜಿಯ ಖಾತೆಗೆ ಕೇಳಿದರೆ ಮಾತ್ರ 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯಡಿ ಆದೇಶ ಬೇಕೆನ್ನುತ್ತಾರೆ, ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಹಾಗಾಗಿ ಮಕ್ಕಳ ಹೆಸರಿನಲ್ಲೇ ಖಾತೆ ತೆರೆಸಿ. ತಂದೆ ಅಥವಾ ತಾಯಿ ಬದುಕಿದ್ದರೆ ಅವರೇ ಸಹಜ ಪಾಲಕರು, ಕೋರ್ಟಿನ ಮಾತೇ ಇಲ್ಲ.

ಮೊದಲು ತಂದೆ, ಕೆಲವು ವರ್ಷದ ಮೇಲೆ ತಾಯಿ ತೀರಿಕೊಂಡರೆ 25%ದಿಂದ 75%ಕ್ಕೆ ತಾನಾಗಿಯೇ ಏರುತ್ತದೆ ಎಂದು ಕಾಯಬೇಡಿ. ತಾಯಿಯ ಮರಣ ಪ್ರಮಾಣಪತ್ರ, ಹಳೆಯ ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆ ಇಟ್ಟು ಅನಾಥ ಪಿಂಚಣಿಗೆ ಅರ್ಜಿ ಕೊಡಬೇಕು.

ಎಚ್‌ಆರ್_ಪೀಣ್ಯ

ವಿಮೆಯ ಬಗ್ಗೆ ಎರಡು ಸಾಲು, ಏಕೆಂದರೆ ಮಕ್ಕಳ ಕೈಗೆ ತಕ್ಷಣ ಸಿಗುವ ದೊಡ್ಡ ಹಣ ಅದೇ. ಕೊನೆಯ 12 ತಿಂಗಳ ಸರಾಸರಿ ವೇತನದ 35 ಪಟ್ಟು, ಜೊತೆಗೆ ಪಿಎಫ್ ಸರಾಸರಿ ಶಿಲ್ಕಿನ ಅರ್ಧ. ವೇತನ ಮಿತಿ 15,000, ಎರಡನೆಯ ಭಾಗದ ಮಿತಿ 1.75 ಲಕ್ಷ, ಒಟ್ಟು ಗರಿಷ್ಠ 7 ಲಕ್ಷ. ವೇತನ 12,000, ಶಿಲ್ಕು 2 ಲಕ್ಷ ಇದ್ದರೆ 4.2 ಲಕ್ಷ ಮತ್ತು 1 ಲಕ್ಷ ಸೇರಿ 5.2 ಲಕ್ಷ. ಹನ್ನೆರಡು ತಿಂಗಳು ಸತತ ಸೇವೆ ಇದ್ದರೆ ಕನಿಷ್ಠ 2.5 ಲಕ್ಷ. ನೌಕರರ ಸಂಬಳದಿಂದ ಇದಕ್ಕೆ ಒಂದು ಪೈಸೆಯೂ ಕಡಿತವಾಗುವುದಿಲ್ಲ, ಮಾಲೀಕರು 0.5% ಕಟ್ಟುತ್ತಾರೆ. ಸಂಬಳ ಚೀಟಿಯಲ್ಲಿ ಕಾಣದ್ದರಿಂದಲೇ ಹೆಚ್ಚಿನವರಿಗೆ ಇದು ಗೊತ್ತಿಲ್ಲ.

ಸ್ವಂತ ಪಿಎಫ್ ಟ್ರಸ್ಟ್ ಇರುವ ದೊಡ್ಡ ಕಂಪನಿಗಳಲ್ಲಿ ಪಿಎಫ್ ಹಣ ಟ್ರಸ್ಟಿನಿಂದ ಬರುತ್ತದೆ, ವಿಮೆ ಬೇರೆ ಗುಂಪು ಪಾಲಿಸಿಯಿಂದ ಬರಬಹುದು. 10-ಡಿ ಮಾತ್ರ ಪಿಎಫ್ ಸಂಸ್ಥೆಯಾದ ಇಪಿಎಫ್‌ಒ ಕಚೇರಿಗೇ. ಟ್ರಸ್ಟ್ ಹಣ ಬಂದಾಗ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ.

ತುಂಗಭದ್ರಾ_ದಂಡೆ

ಐಟಿ ಕಂಪನಿಯವರಿಗೂ ಇದೇ ನಿಯಮವೇ?

ಭವಿಷ್ಯನಿಧಿ_ಓದುಗ

ಎಲ್ಲರಿಗೂ ಅಲ್ಲ. 2014ರ ಸೆಪ್ಟೆಂಬರ್ 1ರ ನಂತರ ಮೊದಲ ಬಾರಿಗೆ ಪಿಎಫ್ ಸೇರಿದವರ ಮೂಲ ವೇತನ ಮತ್ತು ತುಟ್ಟಿಭತ್ಯೆ 15,000 ಮೀರಿದ್ದರೆ ಅವರು ಇಪಿಎಸ್ ಸದಸ್ಯರೇ ಅಲ್ಲ. ಮಾಲೀಕರ 12% ಪೂರ್ತಿ ಪಿಎಫ್‌ಗೇ ಹೋಗುತ್ತದೆ, ಮಕ್ಕಳ ಪಿಂಚಣಿ ಇರುವುದಿಲ್ಲ. ಪಾಸ್‌ಬುಕ್ ತೆಗೆದು ಪಿಂಚಣಿ ಕಾಲಂ ನೋಡಿ. ಪ್ರತಿ ತಿಂಗಳೂ ಸೊನ್ನೆ ಇದ್ದರೆ ಇದೇ ಕಾರಣ. ಅಂಥವರು ಮಕ್ಕಳಿಗಾಗಿ ಅವಧಿ ವಿಮೆ ಮಾಡಿಸಿಕೊಳ್ಳುವುದು ಕಡ್ಡಾಯ ಎಂದೇ ನನ್ನ ಅಭಿಪ್ರಾಯ.

ಇದಕ್ಕಿಂತ ಕೆಟ್ಟದ್ದು, ಸೇರಿಸಬಾರದವರನ್ನು ಕಂಪನಿ ತಪ್ಪಾಗಿ ಇಪಿಎಸ್‌ಗೆ ಸೇರಿಸಿರುವುದು. ತಿಂಗಳಿಗೆ 1,250 ಬೀಳುತ್ತಿರುತ್ತದೆ, ಮನೆಯವರು ಪಿಂಚಣಿ ಇದೆ ಎಂದು ನಂಬಿರುತ್ತಾರೆ. ಕ್ಲೇಮು ಪರಿಶೀಲನೆಯಲ್ಲಿ ಅರ್ಹರಲ್ಲ ಎಂದು ಹೇಳಿ ಆ ಹಣವನ್ನು ಪಿಎಫ್‌ಗೆ ತಿರುಗಿಸುತ್ತಾರೆ. ಬದುಕಿರುವಾಗಲೇ ಎಚ್‌ಆರ್‌ಗೆ ಬರೆದು ಸರಿಪಡಿಸಿಕೊಳ್ಳಿ.

ಕೆಲಸ ಬದಲಿಸುವವರಿಗೆ ಇನ್ನೊಂದು ಮಾತು. ಹತ್ತು ವರ್ಷ ತುಂಬುವ ಮುಂಚೆ ಫಾರಂ 10-ಸಿ ಹಾಕಿ ಪಿಂಚಣಿ ಹಣ ಬಿಡಿಸಿಕೊಂಡರೆ ಅಷ್ಟು ವರ್ಷದ ಸೇವೆ ಅಳಿಸಿಹೋಗುತ್ತದೆ. ಕೈಗೆ ಬರುವುದು ಕೆಲವು ಸಾವಿರ, ಹೋಗುವುದು ಪಿಂಚಣಿಯ ಸೇವಾವಧಿ. ಪಿಎಫ್ ತೆಗೆಯುವ ಅನಿವಾರ್ಯ ಬಂದರೂ ಪಿಂಚಣಿ ಭಾಗವನ್ನು ಮುಟ್ಟದೆ ಹೊಸ ಕಂಪನಿಗೆ ವರ್ಗಾಯಿಸಿ. ಹತ್ತು ವರ್ಷ ತುಂಬಿದವರು ಕೆಲಸ ಬಿಟ್ಟ ಮೇಲೆ 58ರೊಳಗೆ ತೀರಿಕೊಂಡರೂ ಕುಟುಂಬಕ್ಕೆ ಪಿಂಚಣಿ ಉಂಟು.

ಹೊಂಗೆನೆರಳು

ಅಂಗವಿಕಲ ಮಗುವಿಗೆ 25ರ ಮಿತಿ ಇಲ್ಲ ಎಂದು ಕೇಳಿದ್ದು ನಿಜವೇ?

ವಕೀಲಿಕೆ_ಧಾರವಾಡ

ನಿಜ. ಶಾಶ್ವತ ಮತ್ತು ಸಂಪೂರ್ಣ ಅಂಗವೈಕಲ್ಯ ಇರುವ ಮಗುವಿಗೆ ವಯಸ್ಸಿನ ಮಿತಿಯೂ ಇಲ್ಲ, ಇಬ್ಬರೇ ಎಂಬ ಮಿತಿಯೂ ಇಲ್ಲ, ಜೀವಮಾನವಿಡೀ ಪಿಂಚಣಿ. ನಿಯಮ ಕೇಳುವುದು "ಶಾಶ್ವತ" ಮತ್ತು "ಸಂಪೂರ್ಣ" ಎರಡನ್ನೂ. ಹಾಗಾಗಿ ಶೇಕಡಾವಾರು ಬರೆದ ಕಾರ್ಡ್ ಒಂದನ್ನೇ ಇಟ್ಟುಕೊಂಡು ಹೋಗದೆ ವೈದ್ಯಕೀಯ ಮಂಡಳಿಯ ಪ್ರಮಾಣಪತ್ರದಲ್ಲಿ ಈ ಎರಡೂ ಸ್ಪಷ್ಟವಾಗಿ ಬರುವಂತೆ ನೋಡಿಕೊಳ್ಳಿ. ಮೊದಲ ಅರ್ಜಿಯಲ್ಲೇ ನಮೂದಿಸಿ. 25 ತುಂಬಿ ಪಿಂಚಣಿ ನಿಂತ ಮೇಲೆ ಹೋರಾಡುವುದು ಬಹಳ ಕಷ್ಟ.

ಎಚ್‌ಆರ್_ಪೀಣ್ಯ

ಸಾವು ಕೆಲಸದ ಅಪಘಾತದಿಂದ ಆಗಿದ್ದು, ಅವರು ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿದ್ದರೆ ಅದು ಪ್ರತ್ಯೇಕ ಬಾಬ್ತು. ಅವಲಂಬಿತರ ಸೌಲಭ್ಯ ಎಂದು ವೇತನದ 90% ಲೆಕ್ಕಹಾಕಿ ವಿಧವೆಗೆ ಐದನೇ ಮೂರು, ಮಕ್ಕಳಿಗೆ ತಲಾ ಐದನೇ ಎರಡು ಪಾಲು ಹಂಚುತ್ತಾರೆ. ಪಾಲುಗಳ ಮೊತ್ತ ಪೂರ್ತಿ ದರ ಮೀರಿದರೆ ಎಲ್ಲರದ್ದನ್ನೂ ಅನುಪಾತದಲ್ಲಿ ಇಳಿಸುತ್ತಾರೆ. ಕಡಿಮೆ ಸಂಬಳದವರಿಗೆ ಇದು ಇಪಿಎಸ್‌ಗಿಂತ ಎಷ್ಟೋ ಪಾಲು ದೊಡ್ಡ ಹಣ. ಅಪಘಾತದ ವರದಿಯನ್ನು ಕಂಪನಿ ಇಎಸ್‌ಐಗೆ ಕಳಿಸಿದೆಯೇ ಎಂದು ಮೊದಲ ವಾರದಲ್ಲೇ ವಿಚಾರಿಸಿ.

ಕಾವೇರಿಕೊಳ್ಳ

ಅರ್ಜಿ ಹಾಕಿ ತಿಂಗಳಾದರೂ ಉತ್ತರ ಬರದಿದ್ದರೆ?

ಭವಿಷ್ಯನಿಧಿ_ಓದುಗ

ದಾಖಲೆ ಪೂರ್ತಿ ಇದ್ದರೆ 20 ದಿನದೊಳಗೆ ಇತ್ಯರ್ಥ ಮಾಡಬೇಕು. ತಕ್ಕ ಕಾರಣವಿಲ್ಲದೆ ತಡವಾದರೆ 12% ಬಡ್ಡಿಗೆ ಅವಕಾಶವಿದೆ. ಅರ್ಜಿ ಕೊಟ್ಟಾಗ ಸ್ವೀಕೃತಿ ಸಂಖ್ಯೆ ಪಡೆಯದೆ ಕೌಂಟರ್ ಬಿಟ್ಟು ಬರಬೇಡಿ. ತಿರಸ್ಕರಿಸಿದ್ದರೆ ಕಾರಣವನ್ನು ಬರಹದಲ್ಲಿ ಕೇಳಿ, ಎಲ್ಲ ಆಕ್ಷೇಪಣೆಗಳನ್ನೂ ಒಂದೇ ಸಲ ಹೇಳಲಿ. ಆಮೇಲೆ ಪಿಎಫ್ ದೂರು ಪೋರ್ಟಲ್ ಆದ ಇಪಿಎಫ್‌ಐಜಿಎಂಎಸ್‌ನಲ್ಲಿ ದೂರು ದಾಖಲಿಸಿ. ಪ್ರತಿ ತಿಂಗಳ 27ಕ್ಕೆ ಜಿಲ್ಲೆಗಳಲ್ಲಿ "ನಿಧಿ ಆಪ್‌ಕೆ ನಿಕಟ್" ಶಿಬಿರ ನಡೆಯುತ್ತದೆ, ಅಲ್ಲಿಗೆ ಸ್ವೀಕೃತಿ ಮತ್ತು ಎಲ್ಲ ದಾಖಲೆಗಳ ಒಂದು ಸೆಟ್ ಹಿಡಿದು ಹೋಗಿ.

ಪಿಂಚಣಿ ಲೆಕ್ಕ ಮರಣದ ಮರುದಿನದಿಂದಲೇ ಶುರು. ಮಂಜೂರಾದಾಗ ಬಾಕಿ ಅಲ್ಲಿಂದ ಬಂದಿದೆಯೇ, ಮಕ್ಕಳಿಬ್ಬರ ಹೆಸರೂ ಪಿಪಿಒದಲ್ಲಿ ಇದೆಯೇ, ಜನ್ಮದಿನಾಂಕ ಸರಿಯಿದೆಯೇ ನೋಡಿ. ಜನ್ಮವರ್ಷ 2012ರ ಬದಲು 2010 ಎಂದು ಕೂತಿದ್ದರೆ ಆ ಮಗುವಿನ ಪಿಂಚಣಿ ಎರಡು ವರ್ಷ ಮೊದಲೇ ನಿಲ್ಲುತ್ತದೆ. ತಾಯಿಯ ಜೀವನ ಪ್ರಮಾಣಪತ್ರವನ್ನು ವರ್ಷಕ್ಕೊಮ್ಮೆ ಕೊಡಬೇಕು. ನವೆಂಬರ್‌ನಲ್ಲೇ ಆಗಬೇಕೆಂದಿಲ್ಲ, ಕೊಟ್ಟ ದಿನದಿಂದ 12 ತಿಂಗಳು ನಡೆಯುತ್ತದೆ. ತೆರಿಗೆ ಕಟ್ಟುವವರಾದರೆ ಕುಟುಂಬ ಪಿಂಚಣಿಯನ್ನು "ಇತರ ಮೂಲಗಳ ಆದಾಯ"ದಲ್ಲಿ ತೋರಿಸಿ, ಮೂರನೇ ಒಂದು ಭಾಗ ಅಥವಾ 15,000, ಹೊಸ ಪದ್ಧತಿಯಲ್ಲಾದರೆ 25,000, ಯಾವುದು ಕಡಿಮೆಯೋ ಅಷ್ಟು ಕಳೆಯಬಹುದು.

ಕಾವೇರಿಕೊಳ್ಳ

ಎಲ್ಲರಿಗೂ ವಂದನೆ. ಇವತ್ತೇ ಪಾಸ್‌ಬುಕ್ಕಿನ ಪಿಂಚಣಿ ಕಾಲಂ, ಇ-ನಾಮಿನೇಶನ್ನಿನ ಕುಟುಂಬ ಪಟ್ಟಿ ಎರಡನ್ನೂ ತೆಗೆದು ನೋಡುತ್ತೇನೆ.

ಎಚ್‌ಆರ್_ಪೀಣ್ಯ

ನೋಡುವಾಗ ಇ-ಸೈನ್ ಆಗಿದೆಯೇ ಎಂಬುದನ್ನೂ ನೋಡಿ. ಮಕ್ಕಳ ಹೆಸರು, ಫೋಟೋ ಎಲ್ಲ ಹಾಕಿ ಉಳಿಸಿ, ಆಧಾರ್ ಒಟಿಪಿ ಹಂತದಲ್ಲಿ ಬಿಟ್ಟುಬಂದ ನಾಮಿನೇಶನ್ ಲೆಕ್ಕಕ್ಕೆ ಬರುವುದಿಲ್ಲ.